ಗೆದ್ದವನ ಹಿರಿಮೆ

ಮುಷ್ಟಿಯುದ್ಧದ ಅಭಿಮಾನಿಗಳು ಇಬ್ಬರು ಒಂದೆಡೆ ಸೇರಿದರೆ ಸಾಕು, ನಾಲ್ಕನೆಯ ಮಾತಿಗೆ ವಾದ ಹತ್ತುತ್ತದೆ. ವಾದದ ವಿಷಯ ಬಹುಕಾಲದಿಂದ ಒಂದೇ: ಹೆವಿವೇಟ್ ವರ್ಗದಲ್ಲಿ ವರ್ಷಗಟ್ಟಲೆ ಯಾರಿಗೂ ಮಣಿಯದೆ ಮೆರೆದ ಚಾಂಪಿಯನ್ನರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ಜೋ ಲೂಯಿಸನೆ, ರಾಕಿ ಮಾರ್ಸಿಯಾನೊವೆ, ಮಹಮ್ಮದ್ ಅಲಿಯೆ, ಲ್ಯಾರಿ ಹೋಮ್ಸನೆ, ಮೈಕ್ ಟೈಸನ್ನನೆ, ಈಚಿನ ಕ್ಲಿಚ್ಕೊ ಸೋದರರೆ? ನಾನು ಕೈಗವಸು ತೊಟ್ಟವನಲ್ಲ. ತೊಡುವಂಥ ಮೈಕಟ್ಟೂ ನನ್ನದಲ್ಲ. ಹಳೆಯ ಪಂದ್ಯಗಳ ಚಿತ್ರಗಳನ್ನು ನೋಡುವುದು, ಬಲ್ಲವರು ಬರೆದದ್ದನ್ನು ಓದುವುದು, ಇಷ್ಟೇ ಈ ಆಟಕ್ಕೂ ನನಗೂ ಇರುವ ನಂಟು. ಆದರೂ ಈ ವಾದವೆಂದರೆ ನನಗೆ ಆಟಕ್ಕಿಂತ ಹೆಚ್ಚಿನ ಕುತೂಹಲ. ಮನುಷ್ಯನ ಹಿರಿಮೆಯನ್ನು ಯಾವ ಕೋಲಿನಿಂದ ಅಳೆಯಬೇಕೆಂಬ ಪ್ರಶ್ನೆ ಅದರ ಬುಡದಲ್ಲಿ ಅಡಗಿ ಕುಳಿತಿದೆ. ವಾದಿಸುವವರಿಗೇ ಅದರ ಅರಿವಿರುವುದಿಲ್ಲ.

ಒಂದು ವಿಚಿತ್ರವನ್ನು ಗಮನಿಸಿ. ಈ ನ್ಯಾಯಸ್ಥಾನದಲ್ಲಿ ಸೋತವನಿಗಿಂತ ಗೆದ್ದವನ ಮೇಲೆಯೇ ಹೆಚ್ಚು ಆಪಾದನೆ. ಅಲ್ಲೊಮ್ಮೆ ಇಲ್ಲೊಮ್ಮೆ ಸೋತವನನ್ನು ಅಭಿಮಾನಿಗಳು ಬೇಗ ಕ್ಷಮಿಸುತ್ತಾರೆ. ಸೋಲೇ ಇಲ್ಲದೆ ಹತ್ತು ವರ್ಷ ಆಳಿದವನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿ, 'ಏನಯ್ಯ, ಗೆದ್ದೆ ಸರಿ, ಗೆದ್ದದ್ದು ಯಾರನ್ನು?' ಎಂದು ಕೇಳುತ್ತಾರೆ.

ಜೋ ಲೂಯಿಸನ ಕಥೆಯನ್ನೇ ನೋಡೋಣ. 1937ರಲ್ಲಿ ಚಿಕಾಗೊ ನಗರದಲ್ಲಿ ಜೇಮ್ಸ್ ಬ್ರಾಡಕ್‌ನನ್ನು ಕೆಡವಿ ಅವನು ಪಟ್ಟಕ್ಕೇರಿದ. 1949ರಲ್ಲಿ ತಾನಾಗಿಯೇ ಇಳಿಯುವವರೆಗೆ 25 ಬಾರಿ ಆ ಪಟ್ಟವನ್ನು ಉಳಿಸಿಕೊಂಡ. ಈ ವರ್ಗದಲ್ಲಿ ಇಂದಿಗೂ ಆ ಸಂಖ್ಯೆಯನ್ನು ಯಾರೂ ಮುಟ್ಟಿಲ್ಲ. 1940ರ ಡಿಸೆಂಬರಿನಿಂದ 1941ರ ಜೂನ್‌ವರೆಗಿನ ಏಳು ತಿಂಗಳಲ್ಲಿ ಅವನು ಏಳು ಬಾರಿ ಪಟ್ಟವನ್ನು ಪಣಕ್ಕಿಟ್ಟು ಏಳು ಬಾರಿಯೂ ಗೆದ್ದ. ಈಗಿನ ಚಾಂಪಿಯನ್ನರು ವರ್ಷಕ್ಕೊಂದೋ ಎರಡೋ ಪಂದ್ಯವಾಡಿ ದಣಿವಾರಿಸಿಕೊಳ್ಳುವುದನ್ನು ನೋಡಿದವರಿಗೆ ಇದು ಪುರಾಣದ ಮಾತಿನಂತೆ ಕೇಳುತ್ತದೆ. ಇಂಥ ದುಡಿಮೆಗೆ ಅಮೆರಿಕದ ಪತ್ರಿಕಾಕರ್ತರು ಕೊಟ್ಟ ಸಂಭಾವನೆಯೇನು? ಆ ಎದುರಾಳಿಗಳಿಗೆಲ್ಲ ಒಟ್ಟಾಗಿ ಒಂದು ಅಡ್ಡಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ, 'ತಿಂಗಳಿಗೊಬ್ಬ ದಂಡಪಿಂಡ'.

ಈ ದಂಡಪಿಂಡಗಳು ಯಾರು? ಒಬ್ಬ ಬಡ್ಡಿ ಬೇರ್, ಆರಡಿಯ ಮೇಲೆ ಆರಂಗುಲ ಬೆಳೆದಿದ್ದ ದೈತ್ಯ. 1941ರ ಮೇ ತಿಂಗಳಲ್ಲಿ ವಾಷಿಂಗ್ಟನ್ ನಗರದಲ್ಲಿ ನಡೆದ ಪಂದ್ಯದ ಮೊದಲ ಸುತ್ತಿನಲ್ಲೇ ಅವನು ಲೂಯಿಸನನ್ನು ಹಗ್ಗಗಳ ನಡುವೆ ತೂರಿಸಿ ಕಣದಿಂದ ಆಚೆಗೆ ಬೀಳಿಸಿದ. ಮುಂದಿನ ತಿಂಗಳ ದಂಡಪಿಂಡ ಬಿಲ್ಲಿ ಕಾನ್. ಮೈಯಲ್ಲಿ ಹಗುರ, ಕಾಲಲ್ಲಿ ಚುರುಕು. ಹನ್ನೆರಡು ಸುತ್ತು ಮುಗಿಯುವ ಹೊತ್ತಿಗೆ ಅಂಕಗಳಲ್ಲಿ ಚಾಂಪಿಯನ್ನನನ್ನು ಹಿಂದೆ ಹಾಕಿದ್ದ. ಉಳಿದ ಮೂರು ಸುತ್ತು ದೂರ ದೂರ ಓಡಾಡಿಕೊಂಡಿದ್ದರೆ ಪಟ್ಟ ಅವನದೇ. ಆದರೆ ಗೆದ್ದರೆ ಕೆಡವಿಯೇ ಗೆಲ್ಲಬೇಕೆಂಬ ಹುಮ್ಮಸ್ಸಿಗೆ ಬಿದ್ದು ಹದಿಮೂರನೆಯ ಸುತ್ತಿನಲ್ಲಿ ಮೈಮೇಲೆ ಹೋದ; ಕೆಳಗೆ ಮಲಗಿದ. ಅದಕ್ಕೂ ಎರಡು ವರ್ಷ ಹಿಂದೆ ಟೋನಿ ಗಲೆಂಟೊ ಎಂಬ ಬೊಜ್ಜು ಮೈಯ ಮನುಷ್ಯ ಲೂಯಿಸನನ್ನು ಒಮ್ಮೆ ನೆಲಕ್ಕುರುಳಿಸಿದ್ದ. ಮರುಸುತ್ತಿನಲ್ಲಿ ಅದಕ್ಕೆ ಬೆಲೆ ತೆತ್ತ. ಇವರೆಲ್ಲ ಸೋತರು, ನಿಜ. ಸೋತರೆಂದೇ ಅವರನ್ನು ಕೆಲಸಕ್ಕೆ ಬಾರದವರೆಂದು ಕರೆದದ್ದು. ಕೆಲಸಕ್ಕೆ ಬಾರದವರೆಂದು ಕರೆದ ಮೇಲೆ, ಅಂಥವರನ್ನು ಗೆದ್ದ ಲೂಯಿಸನ ದೊಡ್ಡಸ್ತಿಕೆಯೇನು ಎಂದು ಕೇಳಿದ್ದು. ಮೊದಲು ಗೆದ್ದವನ ಬಲವನ್ನು ಸೋತವನ ದೌರ್ಬಲ್ಯಕ್ಕೆ ಸಾಕ್ಷಿಯಾಗಿ ಕರೆಯುವುದು. ಆಮೇಲೆ ಅದೇ ದೌರ್ಬಲ್ಯವನ್ನು ಗೆದ್ದವನ ವಿರುದ್ಧ ಸಾಕ್ಷಿಗೆ ನಿಲ್ಲಿಸುವುದು! ನಮ್ಮ ತರ್ಕಶಾಸ್ತ್ರದ ಪಂಡಿತರು ಇದನ್ನು ಅನ್ಯೋನ್ಯಾಶ್ರಯದೋಷವೆಂದು ಕರೆದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು. ಮುಷ್ಟಿಯುದ್ಧದ ಜಗಲಿಯಲ್ಲಿ ಅದು ಸುಖವಾಗಿ ಬಾಳುತ್ತಿದೆ.

ಲ್ಯಾರಿ ಹೋಮ್ಸನ ವಿಷಯದಲ್ಲಂತೂ ಕಾಲವೇ ಈ ತರ್ಕವನ್ನು ಗೇಲಿ ಮಾಡಿತು. 1978ರಲ್ಲಿ ಪಟ್ಟಕ್ಕೇರಿದ ಅವನು 1979ರಲ್ಲಿ ಮೈಕ್ ವೀವರ್ ಎಂಬವನನ್ನು ಸೋಲಿಸಿದ. 1981ರಲ್ಲಿ ಟ್ರೆವರ್ ಬರ್ಬಿಕ್‌ನನ್ನು, 1983ರಲ್ಲಿ ಟಿಮ್ ವಿದರ್‌ಸ್ಪೂನ್‌ನನ್ನು, 1984ರಲ್ಲಿ ಜೇಮ್ಸ್ ಸ್ಮಿತ್‌ನನ್ನು ಸೋಲಿಸಿದ. ಪ್ರತಿಸಲವೂ 'ಇವನು ಯಾವ ಊರ ದಾಸಯ್ಯ?' ಎಂದು ಜನ ಮೂಗು ಮುರಿದರು. ಮುಂದೆ ಈ ನಾಲ್ವರೂ ಒಂದಲ್ಲ ಒಂದು ಸಂಸ್ಥೆಯ ವಿಶ್ವಚಾಂಪಿಯನ್ನರಾದರು. 1979ರ ಇರುಳಿನಲ್ಲಿ ಯಾರೂ ಅಲ್ಲದ ವೀವರ್ 1980ರಲ್ಲಿ ಯಾರೋ ಆದ. ಆ ಒಂದು ವರ್ಷದಲ್ಲಿ ಹೋಮ್ಸನ ಹಳೆಯ ಗೆಲುವು ಕೂತಲ್ಲಿಯೇ ಕೊಬ್ಬಿತು! ಆಗಿಹೋದ ಕೆಲಸದ ಬೆಲೆ ಆಮೇಲೆ ಇನ್ನೊಬ್ಬ ಮಾಡುವ ಕೆಲಸದಿಂದ ಏರಬಹುದು, ಇಳಿಯಬಹುದು ಎಂದಾದರೆ ಅದು ಹೋಮ್ಸನ ಹಿರಿಮೆ ಹೇಗಾದೀತು? ಅದು ಪೇಟೆಯ ಧಾರಣೆ.

ಈ ಸಂದರ್ಭದಲ್ಲಿ ನನಗೆ ದಂಡಿಯ ನೆನಪಾಗುತ್ತದೆ. ನಾಯಕನ ಗುಣಗಳನ್ನು ಮೊದಲು ಹೇಳಿ ಆಮೇಲೆ ಅವನಿಂದ ಶತ್ರುವಿನ ನಾಶವನ್ನು ವರ್ಣಿಸುವುದು ಸಹಜವಾದ ದಾರಿಯೆಂದು ಅವನು ಕಾವ್ಯಾದರ್ಶದಲ್ಲಿ ಹೇಳುತ್ತಾನೆ. ಆದರೆ ಶತ್ರುವಿನ ವಂಶ, ಶೌರ್ಯ, ವಿದ್ಯೆಗಳನ್ನೂ ವರ್ಣಿಸಿ, ಅಂಥವನನ್ನು ಗೆದ್ದದ್ದರಿಂದ ನಾಯಕನ ಉತ್ಕರ್ಷವನ್ನು ತೋರಿಸುವುದೂ ನಮಗೆ ಹಿತವೇ ಎನ್ನುತ್ತಾನೆ. ನಮ್ಮ ರನ್ನ ಈ ಎರಡನೆಯ ದಾರಿಯಲ್ಲಿ ಎಷ್ಟು ದೂರ ನಡೆದನೆಂದರೆ, ಕಾವ್ಯಕ್ಕೆ ಸಾಹಸಭೀಮವಿಜಯವೆಂದು ಹೆಸರಿಟ್ಟರೂ ಓದುಗನ ಮನಸ್ಸು ತೊಡೆ ಮುರಿದು ಬಿದ್ದವನ ಕಡೆಗೇ ಹೋಗುತ್ತದೆ. ಅವನ ಭೀಮ ಅದರಿಂದ ಕುಗ್ಗಲಿಲ್ಲ. ಗೆಲುವೆಂಬುದು ಇಬ್ಬರು ಸೇರಿ ಹುಟ್ಟಿಸುವ ವಸ್ತು ಎಂಬ ಅರಿವು ಆ ಕವಿಗಿತ್ತು. ಸೋತವನನ್ನು ಹೊಗಳಿದರೆ ಗೆದ್ದವನಿಗೂ ನ್ಯಾಯ ಸಲ್ಲುತ್ತದೆಂಬ ಇಷ್ಟು ಸರಳವಾದ ಮಾತು ನ್ಯೂಯಾರ್ಕಿನ ಪತ್ರಿಕಾಕರ್ತರಿಗೆ ಹೊಳೆಯದೆ ಹೋದದ್ದು ಆಶ್ಚರ್ಯ.

ಹಾಗಾದರೆ 'ಯಾರನ್ನು ಗೆದ್ದೆ?' ಎಂಬ ಪ್ರಶ್ನೆಯೇ ಅನ್ಯಾಯವೆ? ಹಾಗೆನ್ನಲಾರೆ. ಆ ಪ್ರಶ್ನೆ ನ್ಯಾಯವಾಗಿ ನಾಟುವ ಸ್ಥಳವೊಂದಿದೆ. ಅಲ್ಲಿ ಮಾತ್ರ ಅಭಿಮಾನಿಗಳು ಬಹುಕಾಲ ಬಾಯಿ ಮುಚ್ಚಿಕೊಂಡಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ ಎಲ್. ಸಲಿವನ್ ಅಮೆರಿಕದ ಆರಾಧ್ಯದೈವ. ಕರಿಯರೊಡನೆ ತಾನು ಕಾದಾಡುವುದಿಲ್ಲವೆಂದು ಅವನು ಸಾರಿಬಿಟ್ಟ. ಆಗ ಪೀಟರ್ ಜ್ಯಾಕ್ಸನ್ ಎಂಬ ಕರಿಯ ವೀರನಿದ್ದ. ಆಸ್ಟ್ರೇಲಿಯದಲ್ಲಿ ಬೆಳೆದವನು, ನಡತೆಯಲ್ಲಿ ಸಂಭಾವಿತನೆಂದು ಹೆಸರಾದವನು. 1891ರಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೇಮ್ಸ್ ಕಾರ್ಬೆಟ್ಟನೊಡನೆ 61 ಸುತ್ತು ಕಾದಾಡಿದ, ಇಬ್ಬರೂ ಸೋಲಲಿಲ್ಲ. ಮರುವರ್ಷ ಅದೇ ಕಾರ್ಬೆಟ್ ಸಲಿವನ್ನನನ್ನು ಕೆಡವಿ ಚಾಂಪಿಯನ್ನನಾದ. ಜ್ಯಾಕ್ಸನ್ನನಿಗೆ ಪಟ್ಟಕ್ಕಾಗಿ ಕಾದಾಡುವ ಅವಕಾಶ ಕೊನೆಯವರೆಗೂ ಸಿಗಲಿಲ್ಲ, 1901ರಲ್ಲಿ ತೀರಿಕೊಂಡ. ಜಿಮ್ ಜೆಫ್ರಿಸ್ ಸೋಲರಿಯದೆ ನಿವೃತ್ತನಾದವನು. ಆಳುತ್ತಿದ್ದಾಗ ಜ್ಯಾಕ್ ಜಾನ್ಸನ್ನನ ಕರೆಗೆ ಓಗೊಡದೆಯೇ ನಿವೃತ್ತನಾದ. ಜಾನ್ಸನ್ ಪಟ್ಟಕ್ಕೆ ಬಂದದ್ದು 1908ರಲ್ಲಿ, ಅದೂ ಸಿಡ್ನಿ ನಗರದವರೆಗೆ ಟಾಮಿ ಬರ್ನ್ಸನ ಬೆನ್ನಟ್ಟಿ ಹೋದದ್ದರಿಂದ. ಆಮೇಲೆ ಬಿಳಿಯರ ಮಾನ ಉಳಿಸುವುದಕ್ಕೆಂದು ಜೆಫ್ರಿಸನನ್ನು ಮನೆಯಿಂದ ಎಬ್ಬಿಸಿ ತಂದರು. 1910ರ ಜುಲೈ 4ರಂದು ರೀನೊ ಪಟ್ಟಣದಲ್ಲಿ ಜಾನ್ಸನ್ ಅವನನ್ನೂ ಕೆಡವಿದ. ಆ ಸುದ್ದಿ ಹರಡಿದ ಊರುಗಳಲ್ಲಿ ದೊಂಬಿಯಾಗಿ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕರಿಯರು. ಮುಂದೆ 1919ರಿಂದ 1926ರವರೆಗೆ ಜ್ಯಾಕ್ ಡೆಂಪ್ಸಿ ಆಳಿದಾಗ ಹ್ಯಾರಿ ವಿಲ್ಸ್ ಎಂಬ ಕರಿಯ ವೀರ ಬಾಗಿಲಲ್ಲಿ ಕಾದೇ ಕಾದ. ಒಪ್ಪಂದಗಳಾದವು, ಪಂದ್ಯ ಮಾತ್ರ ಆಗಲಿಲ್ಲ.

ಇಲ್ಲಿ ಇನ್ನೊಂದು ಕಹಿ ಸಂಗತಿಯೂ ಇದೆ. ವರ್ಣದ ಗೋಡೆಯನ್ನು ಒಡೆದ ಜಾನ್ಸನ್ ಪಟ್ಟಕ್ಕೇರಿದ ಮೇಲೆ ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೆನೆಟ್ ಮುಂತಾದ ತನ್ನ ಜನಾಂಗದ ಬಲಿಷ್ಠರಿಗೆ ಅವಕಾಶ ಕೊಡಲಿಲ್ಲ. ಬಿಳಿಯನೊಡನೆ ಕಾದಾಡಿದರೆ ಹಣ ಹೆಚ್ಚು. ಗೋಡೆ ಒಡೆದವನು ಒಳಗೆ ಹೋಗಿ ಅಗುಳಿ ಹಾಕಿಕೊಂಡ.

ಎದುರಾಳಿ ಇಲ್ಲದೆ ಇರುವುದು ಬೇರೆ; ಇದ್ದ ಎದುರಾಳಿಯನ್ನು ಬಾಗಿಲಲ್ಲೇ ನಿಲ್ಲಿಸುವುದು ಬೇರೆ. ಮೊದಲನೆಯದು ಕಾಲದ ಸಂಗತಿ, ಚಾಂಪಿಯನ್ನನ ಹೊಣೆ ಅಲ್ಲಿಲ್ಲ. ತಾನು ಹುಟ್ಟಿದ ದಶಕದಲ್ಲಿ ತನಗೆ ಸಮನಾದವರು ಹುಟ್ಟಲಿಲ್ಲವೆಂದು ಮನುಷ್ಯನನ್ನು ದಂಡಿಸುವುದಕ್ಕಾಗುತ್ತದೆಯೆ? ಎರಡನೆಯದು ಅವನ ಕೃತ್ಯ, ಅದರ ಲೆಕ್ಕವನ್ನು ಅವನೇ ಕೊಡಬೇಕು. ಡೆಂಪ್ಸಿಯ ವಿಷಯದಲ್ಲಿ ತಪ್ಪು ಅವನದೋ ಅವನನ್ನು ನಡೆಸುತ್ತಿದ್ದ ವ್ಯಾಪಾರಸ್ಥರದೋ ಎಂದು ಇಂದಿಗೂ ವಾದವಿದೆ, ಇರಲಿ. ತನ್ನ ದಿನದಲ್ಲಿ ಯಾರು ಬಂದರೂ ಬರಲಿ ಎಂದು ಬಾಗಿಲು ತೆರೆದಿಟ್ಟ ಲೂಯಿಸನಿಗೆ 'ದಂಡಪಿಂಡಗಳನ್ನು ಗೆದ್ದವನು' ಎಂಬ ಬಿರುದು ದೊರಕಿತು, ಬಾಗಿಲು ಹಾಕಿಕೊಂಡವರಿಗೆ ಬಹಳ ಕಾಲ ಏನೂ ಅನ್ನಲಿಲ್ಲ. ನನ್ನ ಮನಸ್ಸಿಗೆ ಇದೇ ವಿಪರೀತವಾಗಿ ಕಾಣುವುದು.

ರಾಕಿ ಮಾರ್ಸಿಯಾನೊ 49 ಪಂದ್ಯಗಳನ್ನಾಡಿ 49ನ್ನೂ ಗೆದ್ದು, 1956ರಲ್ಲಿ ಕೈಗವಸು ಬಿಚ್ಚಿಟ್ಟ. ಅವನ ಮೇಲಿನ ಆಪಾದನೆ, ಗೆದ್ದದ್ದೆಲ್ಲ ಮುದುಕರನ್ನು ಎಂಬುದು. 1951ರಲ್ಲಿ ಅವನ ಎದುರು ಬಂದ ಲೂಯಿಸನಿಗೆ 37 ವರ್ಷ. ಸಾಲದ ಹೊರೆ ಅವನನ್ನು ಮತ್ತೆ ಕಣಕ್ಕೆ ಎಳೆದು ತಂದಿತ್ತು. ಮರುವರ್ಷ ಮಾರ್ಸಿಯಾನೊ ಪಟ್ಟ ಕಸಿದುಕೊಂಡ ಜರ್ಸಿ ಜೋ ವಾಲ್ಕಾಟನಿಗೆ 38. ಆರ್ಚಿ ಮೂರ್‌ನ ವಯಸ್ಸಂತೂ ಬ್ರಹ್ಮನಿಗೂ ತಿಳಿಯದು. ಅವನು ಹೇಳುವ ಹುಟ್ಟಿದ ವರ್ಷ ಒಂದು, ಅವನ ತಾಯಿ ಹೇಳುವುದು ಇನ್ನೊಂದು. ಸರಿ, ಮುದುಕರೇ ಎನ್ನೋಣ. ಆದರೆ ಆ ಮುದುಕ ವಾಲ್ಕಾಟ್ ಮೊದಲ ಸುತ್ತಿನಲ್ಲೇ ಮಾರ್ಸಿಯಾನೊನನ್ನು ಕೆಡವಿದ್ದ, ಹನ್ನೆರಡು ಸುತ್ತಿನವರೆಗೂ ಅಂಕಗಳಲ್ಲಿ ಮುಂದಿದ್ದ. ಹದಿಮೂರನೆಯ ಸುತ್ತಿನಲ್ಲಿ ಬಿದ್ದ ಒಂದು ಬಲಗೈ ಏಟು ಎಲ್ಲವನ್ನೂ ತಿರುಗಿಸಿತು.

ಈ ವಾದಗಳನ್ನೆಲ್ಲ ಒಂದೇ ಬಾರಿಗೆ ಬಗೆಹರಿಸಲು ಒಮ್ಮೆ ಯಂತ್ರದ ಮೊರೆ ಹೊಕ್ಕದ್ದುಂಟು. ಮಿಯಾಮಿಯ ಮರ್ರಿ ವರೋನರ್ ಎಂಬ ಉದ್ಯಮಿ 1967ರಲ್ಲಿ ಹಳೆಯ, ಹೊಸ ಚಾಂಪಿಯನ್ನರ ಗುಣದೋಷಗಳನ್ನು ಅಂಕೆಗಳಾಗಿ ಮಾಡಿ ಕಂಪ್ಯೂಟರಿಗೆ ಉಣಿಸಿ, ಅದು ಹೇಳಿದಂತೆ ರೇಡಿಯೋದಲ್ಲಿ ಪಂದ್ಯಾವಳಿ ನಡೆಸಿದ. ಯಂತ್ರ ಅಲಿಯನ್ನು ಜೆಫ್ರಿಸನಿಂದ ಸೋಲಿಸಿತು. ಅಲಿ ನ್ಯಾಯಾಲಯಕ್ಕೆ ಹೋದ. ರಾಜಿಯಾಗಿ, 1969ರಲ್ಲಿ ಅಲಿ ಮತ್ತು ಮಾರ್ಸಿಯಾನೊ ಇಬ್ಬರನ್ನೂ ನಿಜವಾಗಿಯೇ ಒಂದು ಕಣದಲ್ಲಿ ನಿಲ್ಲಿಸಿ ಚಿತ್ರ ತೆಗೆದರು. ಅಲಿ ಆಗ ಸೈನ್ಯಕ್ಕೆ ಸೇರಲು ನಿರಾಕರಿಸಿ ಆಟದಿಂದ ಬಹಿಷ್ಕೃತನಾಗಿದ್ದ. ಮಾರ್ಸಿಯಾನೊ ಎಷ್ಟೋ ತೂಕ ಇಳಿಸಿ, ಬೋಳುತಲೆಗೆ ಟೋಪನ್ನಿಟ್ಟುಕೊಂಡು ಬಂದಿದ್ದ. ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರಿಸಿಕೊಂಡರು. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, ಆಗಸ್ಟ್ 31ರಂದು, ಮಾರ್ಸಿಯಾನೊ ವಿಮಾನಾಪಘಾತದಲ್ಲಿ ಸತ್ತ. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿದ ಪ್ರತಿಯಲ್ಲಿ ಸತ್ತವನೇ ಗೆದ್ದಿದ್ದ, ಹದಿಮೂರನೆಯ ಸುತ್ತಿನಲ್ಲಿ. ಯುರೋಪಿಗೆ ಹೋದ ಪ್ರತಿಯಲ್ಲಿ ಅಲಿ ಗೆದ್ದಿದ್ದ. ನಿಷ್ಪಕ್ಷಪಾತಿಯಾದ ಯಂತ್ರಕ್ಕೂ ಅಟ್ಲಾಂಟಿಕ್ ದಾಟಿದರೆ ಮನಸ್ಸು ಬದಲಾಗುತ್ತಿತ್ತು.

ಟೈಸನ್ನನ ವಿಷಯ ಬೇಗ ಮುಗಿಯುತ್ತದೆ. 1986ರಲ್ಲಿ, ಇಪ್ಪತ್ತು ವರ್ಷದ ಹುಡುಗನಾಗಿ ಪಟ್ಟ ಪಡೆದ. 1988ರಲ್ಲಿ ಸೋಲರಿಯದ ಮೈಕೆಲ್ ಸ್ಪಿಂಕ್ಸನನ್ನು 91 ಸೆಕೆಂಡುಗಳಲ್ಲಿ ಮುಗಿಸಿದ. ಆಗ ಕೆಲವರೆಂದರು, ಸ್ಪಿಂಕ್ಸ್ ಹೆದರಿ ಬಂದಿದ್ದ, ಅದೂ ಒಂದು ಗೆಲುವೆ? 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸನಿಗೆ ಸೋತಾಗ ಅವರೇ ಎಂದರು, ನೋಡಿದಿರಾ, ನಾವು ಹೇಳಿರಲಿಲ್ಲವೆ? ಡಗ್ಲಸ್ ಕೆಲವೇ ವಾರಗಳ ಹಿಂದೆ ತಾಯಿಯನ್ನು ಕಳೆದುಕೊಂಡಿದ್ದವನು. ಅಂದಿನ ರಾತ್ರಿ ಅವನು ತೋರಿದ ಕಲೆ ಯಾರನ್ನಾದರೂ ಮಣಿಸಬಹುದಾಗಿತ್ತು. ಆ ಮಾತು ಯಾರಿಗೂ ಬೇಕಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕ್ಲಿಚ್ಕೊ ಸೋದರರ ಪ್ರಕರಣ. ಉಕ್ರೇನಿನ ಈ ಅಣ್ಣತಮ್ಮಂದಿರು, ವಿಟಾಲಿ ಮತ್ತು ವ್ಲಾದಿಮಿರ್, 2011ರಿಂದ 2013ರವರೆಗೆ ಮುಖ್ಯವಾದ ನಾಲ್ಕು ಸಂಸ್ಥೆಗಳ ಪಟ್ಟಗಳನ್ನೂ ತಮ್ಮ ಮನೆಯೊಳಗೇ ಇಟ್ಟುಕೊಂಡಿದ್ದರು. ಇಬ್ಬರಲ್ಲಿ ದೊಡ್ಡವನಾರು? ಅದನ್ನು ತಿಳಿಯುವ ದಾರಿ ಒಂದೇ ಇತ್ತು, ಅದನ್ನು ಅವರು ಮುಚ್ಚಿದ್ದರು. ಎಂದೂ ಪರಸ್ಪರ ಕಾದಾಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಕುಂತಿಗೆ ಅರ್ಧ ಮಾತ್ರ ದೊರಕಿದ ವಚನ ಈ ತಾಯಿಗೆ ಪೂರ್ತಿಯಾಗಿ ದೊರಕಿತು. ಕೋಟಿಗಟ್ಟಲೆ ಹಣದ ಆಸೆ ಎದುರಿಗಿದ್ದರೂ ಅವರು ಅದನ್ನು ಮುರಿಯಲಿಲ್ಲ. ಅಭಿಮಾನಿಗಳಲ್ಲಿ ಕೆಲವರು ಇದನ್ನೂ ಕೊರತೆಯ ಪಟ್ಟಿಯಲ್ಲಿ ಬರೆದರು: ಪರಸ್ಪರ ಪರೀಕ್ಷೆಗೆ ಒಳಗಾಗದ ಚಾಂಪಿಯನ್ನರು! ಎದುರಾಳಿಯನ್ನು ದೂರವಿಟ್ಟದ್ದಕ್ಕೆ ಇಷ್ಟು ಮಾನ್ಯವಾದ ಕಾರಣ ಮುಷ್ಟಿಯುದ್ಧದ ಚರಿತ್ರೆಯಲ್ಲಿ ಇನ್ನೊಂದಿದ್ದರೆ ನಾನದನ್ನು ಕೇಳಿಲ್ಲ.

ತಮ್ಮ ವ್ಲಾದಿಮಿರ್ 2006ರಿಂದ 2015ರವರೆಗೆ ಆಳಿದ. ಅದಕ್ಕೆ ಮೊದಲು ಮೂರು ಬಾರಿ ಮಣ್ಣು ಮುಕ್ಕಿದ್ದ. ಆ ಸೋಲುಗಳಿಂದ ಎಚ್ಚರಿಕೆಯನ್ನು ಕಲಿತಿದ್ದ. ಎಡಗೈಯನ್ನು ಕಂಬದಂತೆ ಮುಂದೆ ನೀಡಿ ನೇರವಾಗಿ ಚುಚ್ಚುವ ಏಟು, ಜ್ಯಾಬ್ ಎನ್ನುತ್ತಾರೆ, ಅದರಿಂದ ಎದುರಾಳಿಯನ್ನು ದೂರದಲ್ಲಿಯೇ ತಡೆಯುವುದು; ಹತ್ತಿರ ಬಂದರೆ ತಬ್ಬಿ ಹಿಡಿದುಬಿಡುವುದು; ಎದುರಾಳಿ ಸೊರಗಿದ ಮೇಲೆ ಬಲಗೈ ಬೀಸುವುದು. ಸುತ್ತಿನ ಮೇಲೆ ಸುತ್ತು, ವರ್ಷದ ಮೇಲೆ ವರ್ಷ. ಜನಕ್ಕೆ ಬೇಸರ ಬಂತು. ತಬ್ಬುವುದು ಕೆಲವು ಪಂದ್ಯಗಳಲ್ಲಿ ಅತಿಯಾದದ್ದೂ ನಿಜ. ಅದನ್ನು ನೋಡುತ್ತ ನಾನೇ ಆಕಳಿಸಿದ್ದೇನೆ. 2015ರಲ್ಲಿ ಟೈಸನ್ ಫ್ಯೂರಿ ಅವನನ್ನು ಅಂಕಗಳ ಮೇಲೆ ಸೋಲಿಸಿದಾಗ ಅತ್ತವರು ಕಡಮೆ.

2017ರ ಏಪ್ರಿಲ್ 29ರಂದು, 41ನೆಯ ವಯಸ್ಸಿನಲ್ಲಿ, ಅವನು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸುಮಾರು 90,000 ಜನರ ಎದುರು ಆಂಥನಿ ಜೋಶುವಾನೊಡನೆ ಕಾದಾಡಿದ. ಐದನೆಯ ಸುತ್ತಿನಲ್ಲಿ ಬಿದ್ದ, ಎದ್ದ. ಆರನೆಯದರಲ್ಲಿ ಜೋಶುವಾನನ್ನು ಬೀಳಿಸಿದ. ಹನ್ನೊಂದನೆಯದರಲ್ಲಿ ಎರಡು ಬಾರಿ ಬಿದ್ದು ಎರಡು ಬಾರಿಯೂ ಎದ್ದ. ಕೊನೆಗೆ ರೆಫರಿ ನಡುವೆ ಬಂದು ನಿಲ್ಲಿಸಿದ. ಅವನು ಸೋತ. ಅಂದು, ಆ ಸೋಲಿನಿಂದ, ಅವನ ಕೀರ್ತಿ ಹೆಚ್ಚಿತು! ಹತ್ತು ವರ್ಷದ ಗೆಲುವುಗಳಿಗೆ ಕೊಡದಿದ್ದ ಚಪ್ಪಾಳೆಯನ್ನು ಅಭಿಮಾನಿಗಳು ಅವನ ಒಂದು ಸೋಲಿಗೆ ಕೊಟ್ಟರು. ಈಗ ಒಪ್ಪಿದೆವು, ಇವನು ವೀರನೇ ಹೌದು, ಎಂದರು.

ಇಲ್ಲಿ ವಾದದ ಒಳತಿರುಳು ಹೊರಬಿತ್ತೆಂದು ನನ್ನ ಭಾವನೆ. 'ಯಾರನ್ನು ಗೆದ್ದೆ?' ಎಂದು ಬಾಯಿ ಕೇಳುತ್ತದೆ. 'ಎಷ್ಟು ಪೆಟ್ಟು ತಿಂದೆ?' ಎಂದು ಮನಸ್ಸು ಕೇಳುತ್ತದೆ. 'ಅವನಿಗೆ ಸರಿಯಾದ ಪರೀಕ್ಷೆಯೇ ಆಗಲಿಲ್ಲ' ಎಂಬ ಮಾತು ಈ ಜಗಲಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಕಬ್ಬಿಣವನ್ನು ಪರೀಕ್ಷಿಸುವುದು ಕಾಯಿಸಿ ಬಡಿದು. ಮನುಷ್ಯನ ತಲೆಯನ್ನು ಪರೀಕ್ಷಿಸುವುದೂ ಹಾಗೆಯೇ ಎಂದು ನಾವು ಎಂದೋ ಒಪ್ಪಿಬಿಟ್ಟಿದ್ದೇವೆ. ಆದರೆ ಮುಷ್ಟಿಯುದ್ಧದ ಕಲೆ ಎಂದರೇನು? ಏಟು ಕೊಡುವುದು ಅದರಲ್ಲಿ ಅರ್ಧ, ಏಟು ತಪ್ಪಿಸಿಕೊಳ್ಳುವುದು ಇನ್ನರ್ಧ. ಆ ಇನ್ನರ್ಧವನ್ನು ಪೂರ್ಣವಾಗಿ ಕಲಿತವನನ್ನು ಪರೀಕ್ಷೆಗೆ ಕೂರದವನೆಂದು ಜರೆಯುವುದು, ರೋಗಿಗಳಿಗೆ ಸನ್ನಿಪಾತಕ್ಕೆ ತಿರುಗುವ ಮುಂಚೆಯೇ ಜ್ವರ ಇಳಿಸಿಬಿಟ್ಟನೆಂದು ವೈದ್ಯನನ್ನು ಜರೆದಂತೆ. ಅಗ್ನಿಪರೀಕ್ಷೆಯ ಕಥೆಯನ್ನು ಕೇಳುತ್ತ ಬೆಳೆದವರು ನಾವು. ಆ ಬೆಂಕಿ ಯಾರಿಗೆ ಬೇಕಾಗಿತ್ತು? ಹೊಕ್ಕವಳಿಗೆ ತನ್ನ ವಿಷಯ ಗೊತ್ತಿತ್ತು. ಬೇಕಾಗಿದ್ದದ್ದು ಸುತ್ತ ನಿಂತು ನೋಡುತ್ತಿದ್ದವರಿಗೆ.

ಎದುರು ಪಕ್ಷದ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಪೆಟ್ಟು ಬೀಳದೆ ಕಾಣಿಸದ ಗುಣಗಳು ಮನುಷ್ಯನಲ್ಲಿವೆ. 1975ರ ಅಕ್ಟೋಬರ್ 1ರ ಬೆಳಗ್ಗೆ, ಮನಿಲಾದ ಆ ಸೆಖೆಯಲ್ಲಿ, ಅಲಿ ಮತ್ತು ಜೋ ಫ್ರೇಜಿಯರ್ ಹದಿನಾಲ್ಕು ಸುತ್ತು ಒಬ್ಬರನ್ನೊಬ್ಬರು ಬಡಿದುಕೊಂಡ ಚಿತ್ರವನ್ನು ನೋಡಿದವರು, ಅಲ್ಲಿ ಕಂಡದ್ದನ್ನು ಬರಿಯ ಕೌಶಲವೆಂದು ಕರೆಯಲಾರರು. ಫ್ರೇಜಿಯರನ ಕಣ್ಣು ಬಾತು ಮುಚ್ಚಿಹೋಗಿತ್ತು. ಆದರೂ ಹದಿನೈದನೆಯ ಸುತ್ತಿಗೆ ಏಳಲು ಸಿದ್ಧನಿದ್ದ. ಅವನ ಗುರು ಎಡ್ಡಿ ಫಚ್ ಬೇಡವೆಂದು ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಆಚೆ ಮೂಲೆಯಲ್ಲಿ ಅಲಿಗೂ ಏಳುವ ತ್ರಾಣ ಅಷ್ಟಾಗಿ ಉಳಿದಿರಲಿಲ್ಲ. ಆ ಬೆಳಗ್ಗೆ ಇಬ್ಬರಲ್ಲೂ ಕಂಡದ್ದನ್ನು ಕ್ಲಿಚ್ಕೊ ಹತ್ತು ವರ್ಷದ ಆಳ್ವಿಕೆಯಲ್ಲಿ ತೋರಿಸಲಿಲ್ಲ ಎನ್ನುವವರ ಮಾತನ್ನು ಒಪ್ಪಬೇಕಾದದ್ದೇ. ನನ್ನ ತಕರಾರು ಇಷ್ಟೇ: ಆ ದರ್ಶನದ ವೆಚ್ಚವನ್ನು ಯಾರು ಭರಿಸಿದರು ಎಂಬುದನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಡವೆ?

1970ರ ದಶಕವನ್ನು ಹೆವಿವೇಟ್‌ನ ಸುವರ್ಣಯುಗವೆನ್ನುತ್ತಾರೆ. ಅಲಿಯ ಹಿರಿಮೆಗೆ ಆಧಾರವಾಗಿ ಆ ಕಾಲದ ಎದುರಾಳಿಗಳ ಹೆಸರುಗಳನ್ನು ಅಷ್ಟೋತ್ತರದಂತೆ ಹೇಳುತ್ತಾರೆ: ಫ್ರೇಜಿಯರ್, ಫೋರ್‌ಮನ್, ನಾರ್ಟನ್, ಶೇವರ್ಸ್, ಕ್ವಾರಿ. ಜೆರಿ ಕ್ವಾರಿಯ ವಿಷಯ ಬಂದಾಗ, ಬೇರೆ ಯಾವ ಕಾಲದಲ್ಲಿ ಹುಟ್ಟಿದ್ದರೂ ಅವನು ಚಾಂಪಿಯನ್ನನಾಗುತ್ತಿದ್ದ ಎಂದು ಮೆಚ್ಚಿ ನುಡಿಯುತ್ತಾರೆ. ಅವನು ಅಲಿಯೊಡನೆ ಎರಡು ಬಾರಿ, ಫ್ರೇಜಿಯರನೊಡನೆ ಎರಡು ಬಾರಿ ಕಾದಾಡಿ ನಾಲ್ಕರಲ್ಲೂ ಸೋತ. ಹಿಂದೆಗೆಯುವುದು ಅವನ ರಕ್ತದಲ್ಲಿರಲಿಲ್ಲ. 1999ರಲ್ಲಿ ಅವನು ಸತ್ತಾಗ ವಯಸ್ಸು 53. ಏಟುಗಳಿಂದ ಜರ್ಜರಿತವಾದ ಮೆದುಳು ಅದಕ್ಕೂ ಕೆಲವು ವರ್ಷ ಮೊದಲೇ ಅವನನ್ನು ಮಗುವಿನಂತೆ ಪರಾಧೀನನನ್ನಾಗಿ ಮಾಡಿತ್ತು. ಇದೇನೂ ಆಗ ಹೊಸದಾಗಿ ಕಂಡ ರೋಗವಲ್ಲ. ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ಅಮೆರಿಕದ ವೈದ್ಯರು ಮುಷ್ಟಿಮಲ್ಲರ ಈ ಬುದ್ಧಿಭ್ರಂಶವನ್ನು 1928ರಲ್ಲಿಯೇ ವೈದ್ಯಪತ್ರಿಕೆಯಲ್ಲಿ ವಿವರಿಸಿದ್ದರು. ಸುವರ್ಣಯುಗದ ಚಿನ್ನ ಯಾವ ಗಣಿಯಿಂದ ಬಂತೆಂದು ತಿಳಿಯಬೇಕಾದವರು ಕ್ವಾರಿಯ ಕೊನೆಯ ವರ್ಷಗಳನ್ನು ಓದಬೇಕು. ಅವನನ್ನು ಅಲಿಯ ಜಮೆಯ ಕಡೆ ಬರೆಯುವವರಿಗೆ ಅವನ ಖರ್ಚಿನ ಪುಟ ಕಾಣುವುದಿಲ್ಲ.

ಅಲಿಯೂ ತನ್ನ ಪಾಲನ್ನು ತೆತ್ತ. 1977ರಲ್ಲಿ ಅರ್ನಿ ಶೇವರ್ಸ್ ಎಂಬ ಭಾರಿ ಏಟಿನವನೊಡನೆ ಹದಿನೈದು ಸುತ್ತು ಕಾದಾಡಿ ಗೆದ್ದ ಮೇಲೆ, ಬಹುಕಾಲ ಅವನ ವೈದ್ಯರಾಗಿದ್ದ ಫರ್ಡಿ ಪಚೆಕೊ, ಇನ್ನು ಆಡಬೇಡವೆಂಬ ತಮ್ಮ ಮಾತು ನಡೆಯದಿದ್ದಾಗ ಅವನ ಬಳಗವನ್ನು ಬಿಟ್ಟು ಹೋದರು. ಅಲಿ ಬಿಡಲಿಲ್ಲ. 1984ರಲ್ಲಿ ಪಾರ್ಕಿನ್ಸನ್ ರೋಗವೆಂದು ಗೊತ್ತಾಯಿತು. ಏಟುಗಳೇ ಅದಕ್ಕೆ ಕಾರಣವೆಂದು ವೈದ್ಯರೆಲ್ಲ ಒಂದೇ ದನಿಯಲ್ಲಿ ಹೇಳುವುದಿಲ್ಲ. ಆದರೆ 1996ರಲ್ಲಿ ಅಟ್ಲಾಂಟಾ ನಗರದಲ್ಲಿ ಒಲಿಂಪಿಕ್ ಜ್ಯೋತಿಯನ್ನು ಹಿಡಿದ ಆ ನಡುಗುವ ಕೈಯನ್ನು ಜಗತ್ತೆಲ್ಲ ನೋಡಿತು. ಅಭಿಮಾನಿಗಳು ಕಣ್ಣೀರಿಟ್ಟರು. ಅವರಲ್ಲೇ ಎಷ್ಟೋ ಜನ ಮರುದಿನ, ಇಂದಿನವರಿಗೆ ಅಂಥ ಪರೀಕ್ಷೆಗಳೆಲ್ಲಿ ಎಂದು ವಾದ ಮುಂದುವರಿಸಿದ್ದಾರು.

ಲ್ಯಾರಿ ಹೋಮ್ಸನ ಕಡೆಗೆ ಮತ್ತೆ ಬರುತ್ತೇನೆ. 20 ಬಾರಿ ಪಟ್ಟವನ್ನು ಉಳಿಸಿಕೊಂಡವನು. 48 ಪಂದ್ಯಗಳವರೆಗೆ ಸೋಲರಿಯದವನು. ಇನ್ನೊಂದು ಗೆದ್ದಿದ್ದರೆ ಮಾರ್ಸಿಯಾನೊಗೆ ಸಮನಾಗುತ್ತಿದ್ದ. 1985ರಲ್ಲಿ ಆ ನಲವತ್ತೊಂಬತ್ತನೆಯದನ್ನೇ ಸೋತ. ಸೋತ ಸಿಟ್ಟಿನಲ್ಲಿ ಮಾರ್ಸಿಯಾನೊನ ಬಗ್ಗೆ ಹಗುರವಾದ ಮಾತೊಂದನ್ನು ಆಡಿ, ಆಮೇಲೆ ಕ್ಷಮೆ ಕೇಳಿದ. ಜನ ಆ ಮಾತನ್ನು ನೆನಪಿಟ್ಟುಕೊಂಡಿದ್ದಾರೆ, ಕ್ಷಮೆಯನ್ನು ಮರೆತಿದ್ದಾರೆ. ಅಭಿಮಾನಿಗಳ ಪಟ್ಟಿಗಳಲ್ಲಿ ಅವನು ನಾಲ್ಕನೆಯವನೋ ಐದನೆಯವನೋ ಆಗಿ ಕುಳಿತಿರುತ್ತಾನೆ. ಅಲಿಗೆ ಫ್ರೇಜಿಯರ್ ಇದ್ದಂತೆ ಅವನಿಗೊಬ್ಬ ಸಮಬಲದ ವೈರಿ ಇರಲಿಲ್ಲವೆಂಬುದು ಅವರು ಕೊಡುವ ಕಾರಣ.

1980ರ ಅಕ್ಟೋಬರ್ 2ರಂದು ಲಾಸ್ ವೇಗಸ್ಸಿನಲ್ಲಿ ಅವನ ಎದುರಿಗೆ ಬಂದವನು ಅಲಿಯೇ. 38 ವರ್ಷದ ಅಲಿ. ಔಷಧಿಗಳಿಂದ ಮೈ ಇಳಿಸಿ, ಕೂದಲಿಗೆ ಬಣ್ಣ ಹಾಕಿ, ಹೊರನೋಟಕ್ಕೆ ಹಳೆಯ ಅಲಿಯಂತೆಯೇ ಇದ್ದವನು. ಹೋಮ್ಸ್ ಎಳೆಯ ವಯಸ್ಸಿನಲ್ಲಿ ಅಲಿಯ ಶಿಬಿರದಲ್ಲಿ ಕೂಲಿಗೆ ಅಭ್ಯಾಸದ ಎದುರಾಳಿಯಾಗಿದ್ದ. ಅವನ ಉಪ್ಪು ತಿಂದಿದ್ದ. ಮೊದಲ ಸುತ್ತು ಮುಗಿಯುವುದರೊಳಗೆ ಅಲಿಯಲ್ಲಿ ಏನೂ ಉಳಿದಿಲ್ಲವೆಂದು ಅವನಿಗೆ ಗೊತ್ತಾಯಿತು. ಸುತ್ತಿನ ಮೇಲೆ ಸುತ್ತು ಹೋಮ್ಸನ ಎಡಗೈ ಮುಂದೆ ಹೋಗಿ ತಾಕಿ ಹಿಂದೆ ಬರುತ್ತಿತ್ತು. ಅಲಿ ಹಗ್ಗಕ್ಕೊರಗಿ ನಿಂತಿರುತ್ತಿದ್ದ. ಕೆಡವಬಹುದಾದ ಗಳಿಗೆಗಳಲ್ಲಿ ಹೋಮ್ಸ್ ಹಿಂದೆ ಸರಿದು, ಇದನ್ನು ನಿಲ್ಲಿಸಬಾರದೆ ಎಂಬಂತೆ ರೆಫರಿಯ ಕಡೆ ನೋಡಿದ. ಪಂದ್ಯಕ್ಕಾಗಿ ಹಣ ಕೊಟ್ಟು ಬಂದವರು ಸುತ್ತಲೂ ಇದ್ದರು. ಹತ್ತನೆಯ ಸುತ್ತು ಮುಗಿದ ಮೇಲೆ ಅಲಿಯ ಗುರು ಏಂಜಲೊ ಡಂಡಿ ಸಾಕೆಂದ. ತೀರ್ಪುಗಾರರ ಚೀಟಿಗಳಲ್ಲಿ ಒಂದು ಸುತ್ತೂ ಅಲಿಯ ಪಾಲಿಗೆ ಬಂದಿರಲಿಲ್ಲ. ಅಂದು ರಾತ್ರಿ ಹೋಮ್ಸ್ ಅತ್ತ. ಆಮೇಲೆ ಅಲಿಯ ಕೋಣೆಗೆ ಹೋಗಿ ಅವನನ್ನು ಕಂಡ.

ಅಭಿಮಾನಿಗಳ ಲೆಕ್ಕದಲ್ಲಿ ಈ ಪಂದ್ಯಕ್ಕೆ ಬೆಲೆಯಿಲ್ಲ. ಮುದುಕನನ್ನು ಸೋಲಿಸಿದ್ದು ಎಂದು ಅದನ್ನು ಬಿಟ್ಟು ಕೂಡುತ್ತಾರೆ. ಹೋಮ್ಸನ ಇಪ್ಪತ್ತು ಪಂದ್ಯಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳೆಂದು ನನಗೆ ಹೇಳಿದರೆ, ನಾನು ಅದನ್ನು ಉಳಿಸಿಕೊಳ್ಳುತ್ತೇನೆ.